ಅಣ್ಣ ಲೊಚಗುಟ್ಟಿದ ದಿನಗಳು

ಬಾವಲಿಯ ಕೂಗನ್ನು ನಾನು ಒಮ್ಮೆಯೂ ಕೇಳಿಲ್ಲ. ಅದನ್ನು ಹಿಡಿಯುವ ಕೆಲಸದಲ್ಲೇ ಕೆಲವು ವರ್ಷ ತಿರುಗಿದವನು ಹೀಗೆ ಹೇಳಿದರೆ ಮಂದಿ ನಗುತ್ತಾರೆ. ಆದರೆ ಇರುವುದೇ ಹಾಗೆ. ನಮ್ಮ ಸೀಮೆಯ ಸಣ್ಣ ಬಾವಲಿಗಳು ಕೂಗುವುದು ಮನುಷ್ಯನ ಕಿವಿಗೆ ನಿಲುಕದಷ್ಟು ಮೇಲಿನ ದನಿಯಲ್ಲಿ. ಹೊತ್ತು ಮುಳುಗುವಾಗ ಮಸ್ಕಿಯ ಗುಡ್ಡದ ಬಂಡೆ ಸಂದಿಗಳಿಂದ ಅವು ಹೊರಬಿದ್ದು ತಲೆಯ ಮೇಲೆ ಹಾದುಹೋಗುತ್ತವೆ. ಗಾಳಿಯ ತುಂಬ ಕೂಗಿರುತ್ತದೆ, ನಮಗೆ ಮಾತ್ರ ರಸ್ತೆಯ ಲಾರಿಗಳ ಹಾರ್ನ್ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಕೈಯಲ್ಲಿ ಹಿಡಿದ ಯಂತ್ರ ಆ ಕೂಗನ್ನು ಕೆಳದನಿಗೆ ಇಳಿಸಿ ಟಿಕ್ ಟಿಕ್ ಎಂದು ಕೊಡುತ್ತದೆ. ನಾವು ಕೇಳುವುದು ಯಂತ್ರ ಹೇಳಿದ್ದನ್ನು. ಅದು ಸರಿಯಾಗಿ ಹೇಳಿತೆಂದು ನಂಬುವುದು ಬಿಟ್ಟು ಬೇರೆ ದಾರಿಯಿಲ್ಲ.

ನಾನು ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಜರ್ಮನಿ, ಜಪಾನ್ ಮತ್ತು ನಮ್ಮ ದೇಶದ ಸಂಶೋಧಕರು ಕೂಡಿ ನಡೆಸುತ್ತಿದ್ದ ಬಾವಲಿಗಳ ಅಧ್ಯಯನಕ್ಕೆ ಈ ಕಡೆಯ ಭಾಷೆ, ದಾರಿ ಗೊತ್ತಿದ್ದವನೊಬ್ಬ ಬೇಕಾಗಿದ್ದ. ಸದ್ದು ಮಾಡಿ, ಅದು ಬಡಿದು ಮರಳುವುದನ್ನು ಕೇಳಿ, ಎದುರಿಗೆ ಏನಿದೆ ಎಂದು ಬಾವಲಿ ತಿಳಿಯುತ್ತದೆ. ಇಷ್ಟು ಶಾಲೆಯ ಪಾಠದಲ್ಲೇ ಇದೆ. ಇವರ ಪ್ರಶ್ನೆ ಮುಂದಿನದು. ಕಾಲುವೆ ನೀರು ಬಂದು ಭತ್ತದ ಗದ್ದೆಗಳಾದ ಸಿಂಧನೂರಿನ ಕಡೆ ಬೇಟೆಯಾಡುವ ಬಾವಲಿ, ಮಸ್ಕಿ ಲಿಂಗಸುಗೂರಿನ ಒಣ ಗುಡ್ಡಗಳಲ್ಲಿ ಬೇಟೆಯಾಡುವ ಅದೇ ಜಾತಿಯ ಬಾವಲಿ, ಎರಡೂ ಒಂದೇ ರೀತಿ ಕೂಗುತ್ತವೆಯೇ? ನಿಂತ ನೀರು ಮರಳಿಸುವ ಸದ್ದು ಬೇರೆ, ಬಂಡೆ ಮರಳಿಸುವ ಸದ್ದು ಬೇರೆ. ನೆಲ ಬದಲಾದರೆ ಬಾಯಿಯೂ ಬದಲಾಗುತ್ತದೆಯೇ?

ಮೈಕುಗಳನ್ನು ಗೊರೇಬಾಳದ ಬದುವಿನ ಮೇಲೆ, ಮುಕ್ಕುಂದದ ಕಾಲುವೆ ಪಕ್ಕ ಕಟ್ಟುವುದು, ಗದ್ದೆಯವರನ್ನು ಒಪ್ಪಿಸುವುದು ನನ್ನ ಕೆಲಸ. ಒಪ್ಪಿಸುವುದೇ ಹೆಚ್ಚು. ಗೊರೇಬಾಳದ ಒಬ್ಬ ರೈತ ಬೈಕಿನಿಂದ ಇಳಿಯದೆ ಕೇಳಿದ್ದ:

"ಕಣ್ಕಪ್ಪಡಿ ಹಿಡಿದು ಏನ್ ಮಾಡ್ತೀರ್ರೀ ಸರ್, ಔಷಧ ಮಾಡ್ತೀರೇನು?"

"ಹಿಡಿಯಂಗಿಲ್ರೀ. ಬರೇ ಅವುಗಳ ದನಿ ಕೇಳ್ತೀವಿ."

"ಕೇಳಾಕ ಜರ್ಮನಿಯಿಂದ ಬಂದಾರಾ? ನಾವು ಕಾಲುವಿ ನೀರು ಬರವಲ್ದು ಅಂತ ಬಡ್ಕೊಂಡ್ರ ಇಲ್ಲೇ ಇದ್ದೋರು ಕೇಳವಲ್ರು. ಕಣ್ಕಪ್ಪಡಿ ಪುಣ್ಯಾ ಮಾಡ್ಯಾವ ಬಿಡ್ರೀ."

ಸಣ್ಣ ಬಾವಲಿಗೆ ನಮ್ಮಲ್ಲಿ ಕಣ್ಕಪ್ಪಡಿ ಅನ್ನುತ್ತಾರೆ. ಮನೆಯೊಳಗೆ ಹೊಕ್ಕರೆ ಕೇಡು ಎಂದು ಕಸಬರಿಗೆ ತೆಗೆದುಕೊಂಡು ಓಡಿಸುತ್ತಾರೆ. ಇದನ್ನು ತಂಡದಲ್ಲಿದ್ದ ಜರ್ಮನಿಯ ಸಂಶೋಧಕಿಗೆ ಹೇಳಿದಾಗ ಆಕೆ ನಗಲಿಲ್ಲ, ತಮ್ಮೂರಲ್ಲೂ ಅಜ್ಜಿಯರು ಹಾಗೇ ಮಾಡುತ್ತಿದ್ದರು ಅಂದಳು. ಎತ್ತರದ, ಕಡಿಮೆ ಮಾತಿನ ಹೆಂಗಸು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವಾಗ ಮಾತ್ರ ಅವಳ ಮುಖ ಅರಳುತ್ತಿತ್ತು. ಅದಕ್ಕೇ ನನಗೆ ಆಕೆ ಸೇರಿದ್ದಳು.

ಅಣ್ಣನದು ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ನನಗಿಂತ ಹತ್ತಾರು ವರ್ಷ ದೊಡ್ಡವನು. ಮೊದಲು ಅವನಿಗೆ ಸಂಜೆಯಾದ ಮೇಲೆ ಕಾಣುವುದು ಕಡಿಮೆಯಾಯಿತು. ಆಮೇಲೆ ಪಕ್ಕದಲ್ಲಿ ನಿಂತವರು ಕಾಣದಾದರು. ಕೊನೆಗೆ ಎದುರಿಗೆ ಕೊಳವೆಯಷ್ಟು ಉಳಿದಿದ್ದ ಬೆಳಕೂ ಹೋಯಿತು. ಹೈದರಾಬಾದಿನ ವೈದ್ಯರು ಕಣ್ಣಿನ ಹಿಂದಿನ ಪರದೆ ಸಾಯುತ್ತಿದೆ, ಔಷಧ ಇಲ್ಲ, ಇದು ರಕ್ತದಲ್ಲಿ ಬರುವಂಥದ್ದು ಎಂದರು. ಊರಿಗೆ ಬಂದ ಮೇಲೆ ಅತ್ತಿಗೆ ಅದನ್ನು ಬದಲಿಸಿದಳು. ಕೇಳಿದವರಿಗೆಲ್ಲ, "ಶುಗರ್‌ನಿಂದ ಕಣ್ಣು ಮಂಜಾಗ್ಯಾವ್ರೀ" ಎಂದಳು. ಯಾಕೆ ಹೀಗೆ ಹೇಳುತ್ತೀ ಎಂದು ನಾನು ಕೇಳಿದ್ದಕ್ಕೆ ಅವಳ ಉತ್ತರ ತಯಾರಿತ್ತು.

"ಶುಗರ್ ಅಂದ್ರ ಯಾರೂ ಏನೂ ಅನ್ನಂಗಿಲ್ಲ. ಎಲ್ಲಾರ ಮನ್ಯಾಗೂ ಐತಿ. ರಕ್ತದ್ದು ಅಂದ್ರ ನನ್ನ ಮಗಳಿಗೆ ಯಾರು ಬರ್ತಾರ? ನೀ ಮಾಡ್ಕೊಡ್ತೀಯೇನು ಬಾವಲಿ ಕೂಡ ಮದುವಿ?"

ದಿನಕ್ಕೆ ಹತ್ತು ಸಲ ಬಜಾರಿನ ಉದ್ದಗಲ ತಿರುಗುತ್ತಿದ್ದ ಮನುಷ್ಯ ಅಣ್ಣ. ಈಗ ಅಂಗಡಿಯ ಕುರ್ಚಿಯಲ್ಲಿ ಕುಳಿತವನು ಬಚ್ಚಲಿಗೆ ಹೋಗಬೇಕಾದರೂ ಯಾರಾದರೂ ಬರಲಿ ಎಂದು ಕಾಯಬೇಕು. ಕುರುಡುತನದ ಬಗ್ಗೆ ಅವನು ಏನೂ ಅನ್ನಲಿಲ್ಲ. ಕೈ ಹಿಡಿಸಿಕೊಳ್ಳುವುದರ ಬಗ್ಗೆ ಒಮ್ಮೆ ಅಂದ: "ಎಲ್ಲಾರೂ ಹಿಡಿದು ಹಿಡಿದು ಈ ಕೈ ನಂದಲ್ಲ ಅನಸಾಕತ್ತೈತಿ ತಮ್ಮಾ." ಒಬ್ಬನೇ ಅಡ್ಡಾಡಬೇಕು, ಅವನಿಗೆ ಬೇಕಾಗಿದ್ದು ಅಷ್ಟೇ. ಬಿಳಿ ಕೋಲು ತಂದುಕೊಡುತ್ತೇನೆ ಎಂದರೆ ಅತ್ತಿಗೆ ಬೇಡ ಅಂದಳು. ಕೋಲು ಹಿಡಿದರೆ, ಶುಗರ್‌ನಿಂದ ಬರೀ ಮಂಜಾಗಿದೆ ಎಂಬ ಕಥೆಯನ್ನು ಯಾರೂ ನಂಬುವುದಿಲ್ಲ.

ಮಸ್ಕಿಯಲ್ಲಿ ನಮ್ಮ ಸೋದರತ್ತೆ ಇದ್ದಾಳೆ. ಒಮ್ಮೆ ಅಣ್ಣನನ್ನು ಅವಳ ಮನೆಗೆ ಕರೆದುಕೊಂಡು ಹೋದವನು, ಸಂಜೆ ಹೇಗೂ ನನಗೆ ಗುಡ್ಡದಲ್ಲಿ ಕೆಲಸವಿತ್ತೆಂದು ಅವನನ್ನೂ ಜೀಪಿನಲ್ಲಿ ಗುಡ್ಡದ ಬುಡಕ್ಕೆ ಒಯ್ದೆ. ಬಂಡೆಯ ಮೇಲೆ ಕೂರಿಸಿ ಯಂತ್ರವನ್ನು ಕೈಗೆ ಕೊಟ್ಟೆ. ಬಾವಲಿಗಳು ಹೊರಬಿದ್ದವು. ಟಿಕ್, ಟಿಕ್ ಎಂದು ಬಿಡಿಬಿಡಿಯಾಗಿ ಬರುತ್ತಿದ್ದ ಸದ್ದು ಇದ್ದಕ್ಕಿದ್ದಂತೆ ಒತ್ತೊತ್ತಾಗಿ, ಬಟ್ಟೆ ಹರಿದಂತೆ ಆಗಿ ನಿಂತಿತು.

"ಈಗ ಯಾಕ ಅವಸರ ಮಾಡ್ತು ಅದು?"

"ಹುಳದ ಹತ್ರ ಹೋತಣ್ಣ. ದೂರ ಇದ್ದಾಗ ಬಿಟ್ಟು ಬಿಟ್ಟು ಕೂಗ್ತದ. ಹತ್ರಾದಂಗ ಮ್ಯಾಲಿಂದ ಮ್ಯಾಲ ಕೂಗ್ತದ. ಇನ್ನ ತಪ್ಪಿಸ್ಕೋಬಾರದಲ್ಲ."

ಅವನು ಯಂತ್ರವನ್ನು ಕಿವಿಯ ಹತ್ತಿರ ಹಿಡಿದ. ಆಮೇಲೆ, "ಹಂಗಾರ ಬಂಡಿನೂ ಮಾತಾಡ್ತದ ಅನ್ನು" ಎಂದ.

ಪಕ್ಕದಲ್ಲಿದ್ದ ಸಂಶೋಧಕಿ ಅವನು ಏನಂದನೆಂದು ಕೇಳಿದಳು. ನಾನು ಹೇಳಿದೆ. ಕಣ್ಣಿಲ್ಲದ ಕೆಲವರು ನಾಲಿಗೆಯಿಂದ ಸದ್ದು ಮಾಡಿ ಅದರ ಮರುದನಿಯಿಂದ ದಾರಿ ಕಂಡುಕೊಳ್ಳುತ್ತಾರೆ, ತನ್ನ ಪರಿಚಯದ ಸಂಶೋಧಕರೊಬ್ಬರು ಅದನ್ನೇ ಅಧ್ಯಯನ ಮಾಡುತ್ತಿದ್ದಾರೆ, ಎಲ್ಲರಿಗೂ ಬರುತ್ತದೆಂದು ತಾನು ಹೇಳುವುದಿಲ್ಲ ಎಂದಳು. ಊಟಕ್ಕೆ ತಂದಿದ್ದ ಸ್ಟೀಲ್ ತಾಟನ್ನು ಅಣ್ಣನ ಮುಖದೆದುರು ಹಿಡಿದು, ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಬಿಡಿಸಿ ಸದ್ದು ಮಾಡಲು ಹೇಳಿದಳು. ಅಣ್ಣ ಲೊಚ್ ಎಂದ. ತಾಟು ತೆಗೆದಳು. ಮತ್ತೆ ಲೊಚ್ ಎಂದ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಅವನ ಮುಖ ಬದಲಾಯಿತು. "ಈಗ ಐತಿ" ಅಂದ. ಲೊಚ್. "ಈಗ ತಗದಾಳ."

ಆಗ ನಾನು, ಆಕೆ ಹೇಳದ ಒಂದು ಮಾತನ್ನು ಸೇರಿಸಿದೆ. "ಮುತ್ಯಾನೂ ಹಿಂಗ ಲೊಚಗುಟ್ಕೋತ ಅಡ್ಡಾಡ್ತಿದ್ದಲ್ಲಣ್ಣ. ನೆನಪೈತೇನು?"

ನಮ್ಮ ಅಪ್ಪನ ಅಪ್ಪನಿಗೂ ಕೊನೆಗಾಲಕ್ಕೆ ಕಣ್ಣು ಕಾಣುತ್ತಿರಲಿಲ್ಲ ಎಂಬುದು ನನ್ನ ತಿಳಿವಳಿಕೆ. ನನ್ನ ನೆನಪಿನಲ್ಲಿ ಅವನು ಮಸ್ಕಿಯ ಹಳೆ ಮನೆಯ ಕತ್ತಲ ಪಡಸಾಲೆಯಲ್ಲಿ ಬರುತ್ತಿದ್ದಾನೆ. ಗೋಡೆಗೆ ಕೈ ಹಚ್ಚಿಲ್ಲ. ಬಾಯಲ್ಲಿ ಲೊಚ್ ಲೊಚ್ ಎನ್ನುತ್ತಾನೆ. ಕಂಬ ಇನ್ನೇನು ಹಣೆಗೆ ಬಡಿಯಬೇಕು, ಅಷ್ಟರಲ್ಲಿ ಪಕ್ಕಕ್ಕೆ ಸರಿಯುತ್ತಾನೆ. ನಾನಾಗ ತೀರ ಸಣ್ಣವನು. ಅಣ್ಣ ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದ, ಮುತ್ಯಾನ ಕೊನೆಗಾಲವನ್ನು ಅವನು ನೋಡಿದ್ದು ಕಡಿಮೆ.

"ನೆನಪೈತಿ ಅಂತ ಹೇಳಾಕ ಬರಂಗಿಲ್ಲ" ಎಂದ ಅಣ್ಣ. "ನೀ ಹೇಳಿದ ಮ್ಯಾಲ ಐತಿ ಅನಸಾಕತ್ತೈತಿ." ಇನ್ನೊಮ್ಮೆ ಲೊಚ್ ಎಂದು ನೋಡಿ, "ಮುತ್ಯಾ ಮಾಡ್ಯಾನಂದ್ರ ನಾನೂ ಮಾಡ್ತೀನಿ ತಗೋ" ಎಂದ.

ಅವನು ಅಭ್ಯಾಸ ಮಾಡಿದ್ದು ಅಂಗಡಿಯ ಹಿಂದಿನ ಗೋಡೌನಿನಲ್ಲಿ. ನಾನು ವಾರಕ್ಕೊಮ್ಮೆ ಲಿಂಗಸುಗೂರಿನಿಂದ ಬಸ್ಸಿಗೆ ಹೋಗುತ್ತಿದ್ದೆ. ಶೆಟರ್ ಇಳಿಸಿದರೆ ತಗಡು ಸದ್ದನ್ನು ಗಕ್ಕನೆ ಮುಖಕ್ಕೆ ಎಸೆಯುತ್ತಿತ್ತು. ಏರಿಸಿದರೆ ಸದ್ದು ಹೋಗಿ ಬರುತ್ತಲೇ ಇರಲಿಲ್ಲ. ಯೂರಿಯಾ ಚೀಲಗಳ ಸಾಲು ಸದ್ದನ್ನು ನುಂಗುತ್ತಿತ್ತು. ಖಾಲಿ ಕೀಟನಾಶಕದ ಡ್ರಮ್ಮು ಒಂದು ಥರ ಗುಂಯ್ ಅನ್ನುತ್ತಿತ್ತು. ಇವನ್ನೆಲ್ಲ ಹೇಳುತ್ತಿದ್ದವನು ಅವನು. ನನಗೆ ಕಣ್ಣು ಮುಚ್ಚಿಕೊಂಡು ಎಷ್ಟು ಲೊಚಗುಟ್ಟಿದರೂ ಎಲ್ಲ ಒಂದೇ ಆಗಿ ಕೇಳುತ್ತಿತ್ತು. ನಿಜವಾಗಿ ಅವನಿಗೆ ಕೇಳುತ್ತಿದೆಯೋ ಇಲ್ಲ ಜಾಗದ ಅಂದಾಜಿನಿಂದ ಹೇಳುತ್ತಿದ್ದಾನೋ ಎಂದು ನನಗೆ ಅನುಮಾನ. ಒಮ್ಮೆ ಅವನಿಗೆ ಹೇಳದೆ ಡ್ರಮ್ಮನ್ನು ಬೇರೆ ಕಡೆ ಇಟ್ಟೆ. ಅವನು ಅದರ ಮುಂದೆ ಬಂದು ನಿಂತು, "ನಿನ್ನ ಕಾಲೇಜಿನ ಬುದ್ಧಿ ನನ್ನ ಮುಂದ ತೋರಸಬ್ಯಾಡ, ಇದನ್ನ ಎತ್ತಿಡು" ಎಂದ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಓಣಿ ದಾಟಿ ಎದುರಿನ ಚಹಾ ಅಂಗಡಿಗೆ ಒಬ್ಬನೇ ಹೋಗುತ್ತಿದ್ದ. ಮೊದಲ ದಿನ ಚಹಾದವನು ಗಾಬರಿಯಾಗಿದ್ದ.

"ಯಾಕ್ರೀ ಸಾವ್ಕಾರ, ನನ್ನ ಅಂಗಡಿ ನೋಡಿ ಲೊಚಗುಡಾಕತ್ತೀರಿ? ಹಾಲು ಚೊಲೋನ ಐತ್ರೀ."

ಅಣ್ಣ ನಕ್ಕ. ಅವನು ಹಾಗೆ ನಕ್ಕಿದ್ದನ್ನು ಬಹಳ ದಿನದ ಮೇಲೆ ಕೇಳಿದೆ.

ಆದರೆ ಚಹಾದವನು ಕೇಳಿದ್ದು ಬರೀ ನಗೆಯ ಮಾತಾಗಿರಲಿಲ್ಲ. ಲೊಚಗುಟ್ಟುವುದೆಂದರೆ ನಮ್ಮ ಕಡೆ ಪಾಪ ಎನ್ನುವುದು. ಸತ್ತವರ ಮನೆಯಲ್ಲಿ ಲೊಚಗುಟ್ಟುತ್ತಾರೆ, ಬೆಳೆ ಹೋದ ಹೊಲದ ಬದಿಯಲ್ಲಿ ಲೊಚಗುಟ್ಟುತ್ತಾರೆ, ಬೇರೆಯವರ ಮಗ ನಪಾಸಾದರೆ ಲೊಚಗುಟ್ಟುತ್ತಾರೆ. ಬೇಡ, ಒಲ್ಲೆ ಎನ್ನುವುದಕ್ಕೂ ಅದೇ ಸದ್ದು. ಬೀಜ ಕೊಳ್ಳಲು ಬಂದ ರೈತನ ಎದುರು ಅಂಗಡಿಯ ಸಾವುಕಾರನೇ ಲೊಚಗುಟ್ಟಿದರೆ ರೈತ ಚೀಲವನ್ನು ಕೆಳಗಿಡುತ್ತಾನೆ. ಅತ್ತಿಗೆ ಎರಡು ಸಲ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಮುಂಜಾನೆದ್ದು ಮನಿ ತುಂಬ ಲೊಚ್ ಲೊಚ್ ಅಂತ ಅಡ್ಡಾಡಿದ್ರ ಮನಿ ಉಳಿತದೇನು? ಹೆಣಾ ಇಟ್ಕೊಂಡು ಕುಂತಂಗ ಆಗ್ತದ ನನಗ. ಬ್ಯಾರೆ ಯಾವುದರ ಸದ್ದು ಕಲಸು. ಸೀಟಿ ಹೊಡಿಯಾಕ ಹೇಳು."

"ಸೀಟಿ ಹೊಡದ್ರ ಪೋಲಿ ಅಂತೀರಿ" ಎಂದ ಅಣ್ಣ ಒಳಗಿನಿಂದ. ಆ ದಿನಗಳಲ್ಲಿ ಅವನಿಗೆ ಹೀಗೆ ಮಾತು ಕೂಡಿಸುವಷ್ಟು ಧೈರ್ಯ ಬಂದಿತ್ತು.

ಅಣ್ಣನ ಮಗಳಿಗೆ ಲಿಂಗಸುಗೂರಿನ ಒಂದು ಸಂಬಂಧ ಬಂತು. ಹುಡುಗನಿಗೆ ಹಟ್ಟಿಯ ಗಣಿಯಲ್ಲಿ ಕೆಲಸ. ಅಪ್ಪ ಇಲ್ಲ. ತಾಯಿ ಮತ್ತು ದೊಡ್ಡಪ್ಪ ಬರುವವರಿದ್ದರು, ಮಾತೆಲ್ಲ ದೊಡ್ಡಪ್ಪನದೇ. ಅತ್ತಿಗೆ ಎಲ್ಲ ಯೋಚಿಸಿದ್ದಳು. ಅಣ್ಣನನ್ನು ಅವರು ಬರುವ ಮೊದಲೇ ಕುರ್ಚಿಯಲ್ಲಿ ಕೂರಿಸುವುದು, ಅವರು ಹೋಗುವವರೆಗೆ ಏಳಿಸದಿರುವುದು. ಮಸ್ಕಿಯಿಂದ ಸೋದರತ್ತೆಯನ್ನೂ ಕರೆಸಿದ್ದಳು. ಆದರೆ ಅವರು ಹೇಳಿದ್ದಕ್ಕಿಂತ ಮುಂಚೆಯೇ ಬಂದರು. ಅಣ್ಣ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ. ಮಂಡಕ್ಕಿ ಒಗ್ಗರಣೆ, ಮಿರ್ಚಿಯ ತಾಟುಗಳು ಓಡಾಡುತ್ತಿದ್ದವು, ಯಾರಿಗೂ ಅವನ ನೆನಪಾಗಲಿಲ್ಲ.

"ಹುಡುಗ ಹಟ್ಟ್ಯಾಗ ಅದಾನ್ರೀ" ಎಂದು ದೊಡ್ಡಪ್ಪ ಶುರುಮಾಡಿದರು. "ಭೂಮಿ ಒಳಗ ಇಳಿಯೋ ಕೆಲಸ, ಶಿಫ್ಟ್ ಡ್ಯೂಟಿ."

ಲೊಚ್.

ಒಳಬಾಗಿಲಲ್ಲಿ ಅಣ್ಣ. ಒದ್ದೆ ಮುಖ, ಹೊಸ ಅಂಗಿ. ಯಾವಾಗಲೂ ಖಾಲಿಯಿರುವ ಪಡಸಾಲೆ ಅವತ್ತು ಮಂದಿಯಿಂದ, ಸೀರೆಗಳಿಂದ ತುಂಬಿ ಸದ್ದನ್ನೆಲ್ಲ ನುಂಗುತ್ತಿತ್ತೆಂದು ಆಮೇಲೆ ಅವನೇ ಹೇಳಿದ. ಕುರ್ಚಿ ಎಲ್ಲಿದೆ ಎಂದು ಅವನಿಗೆ ಸಿಗುತ್ತಿರಲಿಲ್ಲ.

"ಕೆಲಸ ಕಷ್ಟದ್ದೈತಿ, ಇಲ್ಲ ಅನ್ನಂಗಿಲ್ಲ" ಎಂದರು ದೊಡ್ಡಪ್ಪ ತುಸು ದನಿ ಏರಿಸಿ. "ಆದರ ಕಾಯಂ ಐತಿ. ಕ್ವಾರ್ಟರ್ಸ್ ಕೊಟ್ಟಾರ."

ಲೊಚ್. ಲೊಚ್.

"ಯಾಕ್ರೀ ಸಾವ್ಕಾರ? ಹುಡುಗ ಭೂಮ್ಯಾಗ ಇಳಿತಾನ ಅಂದೆ, ಹುಗದು ಬಂದೀವಿ ಅಂದಿಲ್ಲ."

ಯಾರೋ ನಕ್ಕರು, ಉಳಿದವರು ನಗಲಿಲ್ಲ. ಅತ್ತಿಗೆ ತಕ್ಷಣ, "ಹಲ್ಲು ನೋಯಾಕತ್ತಾವ್ರೀ ಅವರಿಗೆ, ನಿನ್ನಿಯಿಂದ" ಎಂದಳು. ಅಲ್ಲಿಗೆ ಮುಗಿಯಬಹುದಿತ್ತೇನೋ. ಆದರೆ ಅಷ್ಟರಲ್ಲಿ ಅಣ್ಣ ಕುರ್ಚಿಯೆಂದುಕೊಂಡು ಕೈ ಚಾಚಿದ್ದು, ಚಾಪೆಯ ಮೇಲೆ ಕುಳಿತಿದ್ದ ಹುಡುಗನ ತಾಯಿಯ ತಲೆಯ ಮೇಲೆ ಹೋಯಿತು. ಆಕೆ ಸೆರಗು ಎಳೆದುಕೊಂಡು ಸರಿದು ಕುಳಿತಳು. ಅಣ್ಣ ಸುಟ್ಟವನಂತೆ ಕೈ ಹಿಂದೆ ತೆಗೆದ. ಅವನು ನಡುವೆ ನಿಂತುಬಿಟ್ಟ.

ನಾನು ಎದ್ದು ಅವನನ್ನು ಕೂರಿಸಿದೆ. ಕೂರಿಸಿದವನು ಸುಮ್ಮನಿರಲಿಲ್ಲ. ನೋಡಿ, ಇವರಿಗೆ ಪೂರ್ತಿ ಕಾಣುವುದಿಲ್ಲ, ಸದ್ದು ಮಾಡಿ ಗೋಡೆ ಎಲ್ಲಿದೆ, ಬಾಗಿಲು ಎಲ್ಲಿದೆ ತಿಳಿಯುತ್ತಾರೆ, ಇದು ಅವಮಾನ ಅಲ್ಲ, ವಿಜ್ಞಾನ ಎಂದು ವಿವರಿಸಿದೆ. "ಬಾವಲಿ ಮಾಡ್ತಾವಲ್ರೀ, ಹಂಗ" ಎಂದೆ. ಹುಡುಗನ ತಾಯಿ ತಾಟನ್ನು ನೆಲಕ್ಕಿಟ್ಟಳು. ಹೆಣ್ಣು ನೋಡುವ ಮನೆಯಲ್ಲಿ ಆ ಹೆಸರು ತೆಗೆಯಬಾರದಿತ್ತೆಂದು ಅವಳ ಮುಖ ನೋಡಿದ ಮೇಲೆ ತಿಳಿಯಿತು. ಇದೇನೂ ಹೊರಗಿನಿಂದ ತಂದ ಹುಚ್ಚಲ್ಲ ಎಂದು ತೋರಿಸಲು, "ನಮ್ಮ ಮುತ್ಯಾನೂ ಹಿಂಗ ಅಡ್ಡಾಡ್ತಿದ್ದ್ರೀ" ಎಂದೆ.

ದೊಡ್ಡಪ್ಪ ನಿಧಾನವಾಗಿ ಕೇಳಿದರು. "ಮುತ್ಯಾಗೂ ಕಣ್ಣಿರಲಿಲ್ಲೇನು?"

ಅತ್ತಿಗೆಯ ಮುಖದಲ್ಲಿ ರಕ್ತವಿರಲಿಲ್ಲ. ಒಳಗೆ ಬಾಗಿಲ ಸಂದಿಯಲ್ಲಿ ಸೀರೆ ಉಟ್ಟು ನಿಂತಿದ್ದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಆಗ ಮೂಲೆಯಲ್ಲಿ ಎಲೆ ಮಡಿಸುತ್ತಿದ್ದ ಸೋದರತ್ತೆ ಜೋರಾಗಿ ನಕ್ಕಳು.

"ಏ ಯಪ್ಪಾ, ಇವಗ ಓದಿ ಓದಿ ತಲಿ ತಿರಗೈತ್ರೀ. ಇವನ ಮಾತು ಏನು ಕೇಳ್ತೀರಿ? ನಮ್ಮಪ್ಪಗ ಸಾಯೋತನಾ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣಿದ್ವು. ಎತ್ತು ಹೊಡದು ಹೊಡದು ನಾಲಿಗಿಗೆ ಚಟ ಹತ್ತಿತ್ತು ಅಂವಗ. ಮನ್ಯಾಗ ಅಡ್ಡಾಡಿದ್ರೂ ಎತ್ತು ಮುಂದ ಹೊಂಟಾವೇನೋ ಅನ್ನಂಗ ಲೊಚಗುಡ್ತಿದ್ದ. ನಮ್ಮವ್ವ ಬೈತಿದ್ಲು, 'ನನಗರ ಹಗ್ಗಾ ಹಾಕಬ್ಯಾಡ ಮಾರಾಯಾ' ಅಂತ."

ದೊಡ್ಡಪ್ಪ ಮೊದಲು ನಕ್ಕರು. ಅವರ ಅಪ್ಪನೂ ಗಳೇ ಹೊಡೆದು, ಹೊಲ ಉತ್ತು ಉತ್ತು ಹಾಗೇ ಮಾಡುತ್ತಿದ್ದನಂತೆ. ಎತ್ತು ಹೊಡೆಯುವವರ ಮನೆಯಲ್ಲಿ ಲೊಚಗುಟ್ಟದವರು ಯಾರು ಎಂದರು. ನಗೆ ಪಡಸಾಲೆಯ ತುಂಬ ಹರಡಿತು. ಹುಡುಗಿಯನ್ನು ಕರೆದರು. ಅಣ್ಣ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಸೋದರತ್ತೆಯ ದನಿ ಬಂದ ಕಡೆಗೇ ಮುಖ ಮಾಡಿದ್ದ.

ಸಂಬಂಧ ಕೂಡಿತು. ಕೆಲವು ದಿನದ ನಂತರ ಮಧ್ಯಸ್ಥನ ಕೈಲಿ ಒಂದು ಮಾತು ಬಂತು. ಬೀಗರ ಕಣ್ಣು ಶುಗರ್‌ನಿಂದ ಹೋಗಿವೆ, ಅದಕ್ಕೆ ನಮ್ಮ ತಕರಾರಿಲ್ಲ, ಆದರೆ ಮದುವೆಯಲ್ಲಿ ಆ ಸದ್ದು ಬೇಡ, ನಾಲ್ಕು ಮಂದಿ ನಾಲ್ಕು ರೀತಿ ತಿಳಿಯುತ್ತಾರೆ.

ಆ ವಾರ ನಾನು ಹೋದಾಗ ಅಣ್ಣ ಗೋಡೌನಿನಲ್ಲಿ ಚೀಲದ ಮೇಲೆ ಕುಳಿತಿದ್ದ. ಶೆಟರ್ ಅರ್ಧ ಇಳಿದಿತ್ತು.

"ಬೀಗರು ಹೇಳಿದ್ದು ಮದುವಿ ದಿನದ್ದು. ಅದು ಬಿಡು" ಎಂದ. "ನನಗ ಒಂದು ಹೇಳು. ಮುತ್ಯಾಗ ಕಣ್ಣಿದ್ವೋ ಇಲ್ಲೋ?"

ನಾನು ಆ ವಾರವೆಲ್ಲ ಅದನ್ನೇ ಯೋಚಿಸಿದ್ದೆ. ಪಡಸಾಲೆ ಕತ್ತಲಾಗಿತ್ತು ಎನ್ನುತ್ತೇನೆ, ಹಾಗಾದರೆ ಮುತ್ಯಾ ಗೋಡೆಗೆ ಕೈ ಹಚ್ಚಿಲ್ಲವೆಂದು ನನಗೆ ಕಂಡದ್ದು ಹೇಗೆ? ಕಂಬ ಎನ್ನುತ್ತೇನೆ. ಹಳೆ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿದ್ದಾರೆ. ಪಡಸಾಲೆಯಲ್ಲಿ ಕಂಬವೇ ಇರಲಿಲ್ಲ, ಜೋಳದ ಕಣಜವಿತ್ತು ಎನ್ನುವವರಿದ್ದಾರೆ. ಮುತ್ಯಾನಿಗೆ ಕಣ್ಣಿಲ್ಲವೆಂದು ನನಗೆ ಹೇಳಿದವರು ಯಾರು? ಯಾರೂ ನೆನಪಿಗೆ ಬರುವುದಿಲ್ಲ. ಕೇಳೋಣವೆಂದರೆ ಅಪ್ಪ, ಅವ್ವ ಈಗಿಲ್ಲ. ವಿಶ್ವವಿದ್ಯಾಲಯದಲ್ಲಿ ಧ್ವನಿಶಾಸ್ತ್ರ ಓದುವಾಗ, ನಾಲಿಗೆಯ ಸದ್ದಿನಿಂದ ದಾರಿ ಕಾಣುವ ಕುರುಡರ ಬಗ್ಗೆ ಮೇಷ್ಟರು ಹೇಳಿದ್ದು ಖಂಡಿತ ನೆನಪಿದೆ. ಮುತ್ಯಾನ ನೆನಪು ಅದಕ್ಕೂ ಮೊದಲಿನದೋ, ಆ ಪಾಠ ಕೇಳಿದ ಮೇಲೆ ನಾನೇ ಕಟ್ಟಿಕೊಂಡದ್ದೋ? ಲೊಚ್ ಎನ್ನುವ ಸದ್ದು ಮಾತ್ರ ಇದೆ. ಅದು ಎತ್ತಿಗೋ, ಗೋಡೆಗೋ.

"ಗೊತ್ತಿಲ್ಲಣ್ಣ" ಎಂದೆ.

"ಅವತ್ತು ಗುಡ್ಡದಾಗ ಗೊತ್ತಿತ್ತಲ್ಲ?"

"ಅವತ್ತು ಗೊತ್ತೈತಿ ಅನ್ಕೊಂಡಿದ್ದೆ."

"ಗೊತ್ತಿಲ್ಲ ಅಂತ ಹೇಳಾಕ ಅಷ್ಟು ಓದಬೇಕಾತೇನಲೇ?" ಎಂದ. ಸಿಟ್ಟಿರಲಿಲ್ಲ. "ನಾ ಗ್ವಾಡಿ ಮುಂದ ನಿಂತಾಗೆಲ್ಲ ಮುತ್ಯಾ ಮಾಡ್ಯಾನ, ಮುತ್ಯಾ ಮಾಡ್ಯಾನ ಅನ್ಕೊಂಡು ಕಾಲು ಎತ್ತಿಡ್ತಿದ್ದೆ. ಅಂವ ಎತ್ತು ಹೊಡ್ಯಾಕ ಮಾಡಿದ್ದನ್ನ ನಂಬಿ ನಾ ಓಣಿ ದಾಟೀನಿ."

"ನೀ ದಾಟಿದ್ದು ಖರೇನ ಅಲ್ಲ? ಡ್ರಮ್ಮು ಸರಿಸಿದ್ರೂ ಹಿಡದಿ. ಮುತ್ಯಾ ಏನರ ಮಾಡಿರಲಿ, ನಿನಗ ಕೇಳ್ತದ."

ನನ್ನ ಮಾತು ತರ್ಕಕ್ಕೆ ಸರಿಯಾಗಿತ್ತು. ಅವನು ಕಾಲು ಎತ್ತಿಡುತ್ತಿದ್ದುದು ತರ್ಕದ ಮೇಲೆ ಅಲ್ಲ ಎಂಬುದು ನನಗೆ ಆ ಗಳಿಗೆಯಲ್ಲಿ ತೋಚಲಿಲ್ಲ.

ಮಸ್ಕಿಗೆ ಹೋಗಿ ಸೋದರತ್ತೆಯನ್ನು ಕೇಳಿದೆ. ಅವಳು ಕಡಲೆ ಆರಿಸುತ್ತಿದ್ದಳು.

"ಬೀಗರ ಮುಂದ ಏನು ಹೇಳೀನಿ, ಅದ ಖರೆ."

"ಬೀಗರು ಇಲ್ಲಿಲ್ಲತ್ತಿ. ನಾ ಒಬ್ಬನ ಅದೀನಿ."

"ನಿನ್ನ ಮುಂದೂ ಅದ. ಒಬ್ಬರ ಮುಂದ ಒಂದು, ಇನ್ನೊಬ್ಬರ ಮುಂದ ಒಂದು ಹೇಳಿದ್ರ ನನಗ ಮರತು ಹೋಗ್ತದ."

"ಅಣ್ಣ ಲೊಚಗುಡೋದು ಬಿಟ್ಟಾನ. ಮುತ್ಯಾ ಕಣ್ಣಿಲ್ಲದ ಮಾಡ್ತಿದ್ದ ಅಂತ ನೀ ಒಂದು ಮಾತು ಅವಗ ಹೇಳಿದ್ರ ಮತ್ತ ಶುರು ಮಾಡ್ತಾನ. ಅವಗೊಬ್ಬಗ."

ಅವಳು ಕೈ ನಿಲ್ಲಿಸಿದಳು. ಏನೋ ಹೇಳುವವಳಂತೆ ಕಂಡಳು. ಆಮೇಲೆ ಹಿತ್ತಲ ಕಡೆ ನೋಡಿದಳು. ಅಲ್ಲಿ ಅವಳ ಇಬ್ಬರು ಮೊಮ್ಮಕ್ಕಳು, ಕಾಲೇಜಿಗೆ ಹೋಗುವ ಹುಡುಗಿಯರು, ಬಟ್ಟೆ ಒಣಹಾಕುತ್ತಿದ್ದರು. "ಚಾ ಕುಡಿತೀಯೋ, ಮಜ್ಜಿಗಿ ಕೊಡ್ಲೋ?" ಎಂದಳು. ಇದನ್ನು ಬರೆಯುವಾಗಲೂ ನನಗೆ ಅನುಮಾನ. ಅವಳು ನಿಜವಾಗಿ ಹಿತ್ತಲ ಕಡೆ ನೋಡಿದ್ದಳೋ, ನನಗೆ ಹಾಗೆ ಬೇಕಾಗಿತ್ತೋ.

ಜರ್ಮನಿಯ ಸಂಶೋಧಕಿ ಆ ಹೊತ್ತಿಗೆ ಗುಡ್ಡದ ಕೆಲಸ ಮುಗಿಸಿ ಲೇಖನ ಬರೆಯುತ್ತಿದ್ದಳು. ಎರಡೂ ಕಡೆಯ ಬಾವಲಿಗಳ ಕೂಗಿನಲ್ಲಿ ಕಂಡ ವ್ಯತ್ಯಾಸ ಅವಳು ಎಣಿಸಿದ್ದಕ್ಕಿಂತ ಸಣ್ಣದಾಗಿತ್ತು, ಅದನ್ನು ಹಾಗೆಯೇ ಬರೆದಿದ್ದಳು. ಅಣ್ಣನ ವಿಷಯವನ್ನು ತನ್ನ ಪರಿಚಯದವರ ಬೇರೆಯ ಬರಹವೊಂದಕ್ಕೆ ಕೊಡಬಹುದೇ, ಅವನ ಒಪ್ಪಿಗೆ ಇದೆಯೇ ಎಂದು ಕೇಳಿದಳು. ಅವಳ ಕರಡಿನಲ್ಲಿ 'ಇವರ ಅಜ್ಜನೂ ಕುರುಡರಾಗಿದ್ದು ಇದೇ ವಿಧಾನ ಬಳಸುತ್ತಿದ್ದರು' ಎಂಬ ಸಾಲಿತ್ತು. ಖಚಿತವಿಲ್ಲ ಎಂದು ನಾನು ಅದನ್ನು ಹೊಡೆದುಹಾಕಿದೆ. ಅಣ್ಣನಿಗೆ ಓದಿ ಹೇಳಿದಾಗ ಅವನು, "ಅದರಾಗೂ ಮುತ್ಯಾನ ಕಣ್ಣು ತೆರೆಸಿದೇನು?" ಎಂದ. ಆಮೇಲೆ, "ನನ್ನ ಸಾಲೂ ಹೊಡದು ಹಾಕು" ಎಂದ. ಆಕೆ ಒಂದು ಪ್ರಶ್ನೆಯನ್ನೂ ಕೇಳದೆ ತೆಗೆದುಹಾಕಿದಳು. ಅಣ್ಣ ಹೇಗಿದ್ದಾನೆ ಎಂದು ಕೇಳಿ ಈಗಲೂ ಆಗಾಗ ಬರೆಯುತ್ತಾಳೆ.

ಮದುವೆಯ ದಿನ ಅಣ್ಣನ ಕೈ ನನ್ನ ಭುಜದ ಮೇಲಿತ್ತು. ಅವನು ಬೆಳಗಿನಿಂದ ಎಲೆಅಡಿಕೆ ಹಾಕಿಕೊಂಡೇ ಇದ್ದ. ಎಂದೂ ತಿನ್ನುವವನಲ್ಲ. ಒಂದು ಮುಗಿದರೆ ಇನ್ನೊಂದಕ್ಕೆ ಕೈ ಚಾಚುತ್ತಿದ್ದ. ನಾಲಿಗೆಗೆ ಕೆಲಸ ಬೇಕಲ್ಲ ಎಂದ. ಧಾರೆಯ ಹೊತ್ತಿಗೆ ಅವನ ಬಾಯಿ ಸುಟ್ಟು ಕೆಂಪಾಗಿತ್ತು. ಬೀಗರು ಸಂತೋಷವಾಗಿದ್ದರು.

ಮದುವೆ ಆದ ಮೇಲಾದರೂ ಮತ್ತೆ ಶುರುಮಾಡುತ್ತಾನೆಂದು ನಾನು ಕಾದೆ. ಕೆಲವು ಸಲ ಗೋಡೌನಿಗೆ ಕರೆದುಕೊಂಡು ಹೋಗಿ ಶೆಟರ್ ಇಳಿಸಿದೆ. "ಏನರ ಕೇಳ್ತದೇನು?" ಎಂದರೆ, "ಗೊಬ್ಬರದ ವಾಸನಿ ಬರ್ತದ" ಎನ್ನುತ್ತಿದ್ದ. ಒಮ್ಮೆ ನನ್ನ ಒತ್ತಾಯಕ್ಕೆ ಲೊಚ್ ಎಂದು ನೋಡಿ, ತಲೆ ಆಡಿಸಿದ. ಎಲ್ಲ ಒಂದೇ ಥರ ಇದೆ ಎಂದ. ಅದು ನಿಜವೋ, ನನ್ನನ್ನು ಸುಮ್ಮನಾಗಿಸಲು ಹೇಳಿದ್ದೋ, ತಿಳಿಯುವ ಯಂತ್ರ ನನ್ನ ಬಳಿ ಇರಲಿಲ್ಲ.

ಮೊನ್ನೆ ಅಣ್ಣನ ಮಗಳಿಗೆ ಗಂಡುಮಗು ಆಯಿತು. ಚೊಚ್ಚಲ ಹೆರಿಗೆ ತವರಿನಲ್ಲೇ, ಸಿಂಧನೂರಿನ ಆಸ್ಪತ್ರೆಯಲ್ಲಿ. ನಾನೂ ಅಣ್ಣನೂ ಮಧ್ಯಾಹ್ನ ಹೋದೆವು. ಹಟ್ಟಿಯಿಂದ ಅಳಿಯ, ಅವನ ತಾಯಿ ಆಗಲೇ ಬಂದು ಒಳಗಿದ್ದರು. ಕೋಣೆಗೆ ಹೋಗುವ ದಾರಿ ಉದ್ದದ್ದು, ಖಾಲಿಯಾಗಿತ್ತು. ಎರಡೂ ಕಡೆ ನುಣುಪು ಟೈಲ್ಸಿನ ಗೋಡೆ, ಸಣ್ಣ ಕೆಮ್ಮೂ ಕೊನೆಯವರೆಗೆ ಹೋಗಿ ಮರಳುತ್ತಿತ್ತು. ಇಂಥ ಜಾಗ ಗೋಡೌನಿನಲ್ಲಿ ಸಿಕ್ಕಿರಲಿಲ್ಲ. ನಾನು ನಿಂತು ಮೆಲ್ಲಗೆ ಹೇಳಿದೆ.

"ಇಲ್ಲಿ ಯಾರೂ ಇಲ್ಲಣ್ಣ. ಒಮ್ಮಿ ಮಾಡಿ ನೋಡು. ನಿನ್ನಷ್ಟಕ್ಕ ನೀನ ಹೋಗ್ತಿ ಮೊಮ್ಮಗನ ಹತ್ರ."

"ಒಳಗ ಬೀಗತಿ ಅದಾಳ."

"ಅಲ್ಲಿಗೆ ಕೇಳಂಗಿಲ್ಲ."

"ಇವತ್ತಿಂದಲ್ಲಲೇ." ಅವನ ದನಿ ಬಹಳ ಸಣ್ಣದಾಗಿತ್ತು. "ಆ ಕೂಸು ದೊಡ್ಡದಾಗ್ತದ. ಸಂಜಿ ಮುಂದ ಎಲ್ಯರ ಎಡವಿದ್ರ, ಅದರ ಕಣ್ಣು ನೋಡಿ ಮಂದಿ ನನ್ನ ಬಾಯಿ ನೆನಸಬಾರದು. ನನ್ನ ಮಗಳು ಅಲ್ಲಿ ಬಾಳೇವು ಮಾಡಬೇಕು."

ಒಳಗಿನಿಂದ ಮಗು ಅತ್ತಿತು. ಅಣ್ಣ ಮುಖ ಎತ್ತಿ ಅದನ್ನು ಕೇಳಿದ. ಆಮೇಲೆ ಕೈಯನ್ನು ನನ್ನ ಭುಜದ ಮೇಲಿಟ್ಟ.

"ಮುಂದ ಏನರ ಐತೇನು?"

ನೋಡಿದೆ. ಬಾಗಿಲವರೆಗೆ ನೆಲ ಸಪಾಟಾಗಿತ್ತು, ಒಂದು ಬಕೆಟ್ಟೂ ಅಡ್ಡವಿರಲಿಲ್ಲ.

"ಏನೂ ಇಲ್ಲಣ್ಣ. ಬಾ."

ಅವನು ಒಂದು ಕಾಲನ್ನು ಮುಂದೆ ಚಾಚಿ, ಬೆರಳುಗಳಿಂದ ನೆಲವನ್ನು ಸವರಿ ನೋಡಿದ. ಆಮೇಲೆ ಮೈಭಾರ ಅದರ ಮೇಲೆ ಹಾಕಿದ. ಮತ್ತೆ ಇನ್ನೊಂದು ಕಾಲು, ಮತ್ತೆ ಸವರುವುದು. ನಾನು ಇಲ್ಲ ಎಂದು ಹೇಳಿದ ಪ್ರತಿಯೊಂದನ್ನೂ ಅವನು ಕಾಲಿನಿಂದ ಒಮ್ಮೆ ನೋಡಿಕೊಂಡೇ ಮುಂದೆ ಬಂದ.